ಮೋತಿಯ ಎಡಗಾಲು

ಮಸ್ಕಿ, ಲಿಂಗಸುಗೂರು ಸುತ್ತಿ, ಕಾಲು ಸೋತ ನಾಯಿಗಳಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈಗಳೇ ಸೋತಿದ್ದವು. ಸಂಜೆ ತುರ್ವಿಹಾಳದ ಸೂಗಮ್ಮನ ಮನೆ. ಅವರ ನಾಯಿ ಮೋತಿಯ ಎಡ ಹಿಂಗಾಲು ಭತ್ತ ಕೊಯ್ಯುವ ಮಷೀನಿಗೆ ಸಿಕ್ಕು ತುಂಡಾಗಿ ಗದ್ದೆಯಲ್ಲೇ ಹೂತುಹೋಗಿತ್ತು. ಭಾರವೆಲ್ಲ ಬಿದ್ದು ಬಲಗಾಲೂ ಬಿಗಿದಿತ್ತು.

ನಾನು ಕಣ್ಣು ಮುಚ್ಚಿಯೇ ತಿಕ್ಕುವುದು. ಗಂಟು ಎಲ್ಲಿದೆಯೆಂದು ಬೆರಳಿಗೇ ತಿಳಿಯಬೇಕು. ಬಲಗಾಲು ಸಡಿಲಾದ ಮೇಲೆ ರೂಢಿಯಂತೆ ಕೈ ಎಡಗಾಲಿಗೆ ಸರಿಯಿತು. ಅದಿಲ್ಲವೆಂಬುದು ದಣಿವಿನಲ್ಲಿ ನೆನಪಾಗಲಿಲ್ಲ. ತೊಡೆ, ಮೊಣಕಾಲು, ಪಂಜ. ಎಷ್ಟು ತಿಕ್ಕಿದರೂ ಬಿಸಿಯೇರಲಿಲ್ಲ.

“ಸಾಕ್ ಬಿಡ್ರೀ ಅಣ್ಣಾ, ನಿದ್ದಿ ಹತ್ತೈತಿ ಅದಕ್ಕ,” ಎಂದರು ಸೂಗಮ್ಮ. “ದಿನಾ ಆ ಇಲ್ಲದ ಕಾಲು ನೆಕ್ಕಾಕ ಹೋಗಿ ನರಳತಿತ್ತು.”

ಕಣ್ಣು ಬಿಟ್ಟೆ. ಎಡಗಡೆ ಹೊಲಿಗೆಯ ಕಲೆಯಷ್ಟೇ ಇತ್ತು. ಕೈ ತೊಳೆಯಲು ಎದ್ದೆ. ಉಗುರಿನ ಸಂದಿಯಲ್ಲೆಲ್ಲ ಗದ್ದೆಯ ಹಸಿ ಕೆಸರು ತುಂಬಿತ್ತು.