ರೆಕಾರ್ಡಿನ ಹಿಂಬದಿಯ ಹಾಡು

ಪೇಟೆಯಿಂದ ಬಂದ ಅರ್ಮಿಂಡಾ ಹಿಟ್ಟಿನ ಚೀಲವನ್ನು ಮೇಜಿನ ಮೇಲಿಟ್ಟು, ಕೋಟನ್ನೂ ಕಳಚದೆ ಅಡುಗೆಮನೆಯ ನಡುವೆ ನಿಂತೇ ಇದ್ದಳು. ಒಲೆಯ ಮೇಲೆ ಬೀನ್ಸ್ ಕುದಿಯುತ್ತಿತ್ತು. ಸೊಸೆ ಡೆಲ್ಫಾ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಚೆನ್ನಾಗಿತ್ತು ಎಂದು ಡೆಲ್ಫಾಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

“ಪೆಟ್ರೋಲ್ ಬಂಕಿನ ಪಕ್ಕದ ಹೋಟ್ಲಲ್ಲಿ ನಿನ್ನ ಹಾಡು ಹಾಕಿದ್ರು. ಕಾಸು ಹಾಕಿದ್ರೆ ಹಾಡುತ್ತಲ್ಲ, ಆ ಪೆಟ್ಟಿಗೇಲಿ.”

“ಯಾವ ಹಾಡು ಅತ್ತೆ?”

“ಯಾವ್ದು ಅಂತ ನಿಂಗೊತ್ತಿಲ್ವಾ? ಒಂದು ಹುಡುಗ, ಒಂದು ಹುಡುಗಿ ಅದಕ್ಕೆ ಕುಣೀತಿದ್ರು. ಹುಡುಗಿ ಚೂಯಿಂಗ್ ಗಮ್ ಜಗೀತಾ ಇದ್ಲು. ನನ್ನ ಎಸ್ಟಿಲ್‌ನ ಮಣ್ಣು ಮಾಡಿದ ದಿನದ ಹಾಡು ಕಣೆ ಅದು...”

ಡೆಲ್ಫಾ ಒಲೆ ಆರಿಸಿದಳು.

ಕೆಂಟಕಿಯ ಆ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಯ ಚಾವಣಿ ಕುಸಿದು ಅರ್ಮಿಂಡಾಳ ಕಿರಿಮಗ ಎಸ್ಟಿಲ್ ಸತ್ತಾಗ ಶವಪೆಟ್ಟಿಗೆಯ ಮುಚ್ಚಳ ತೆಗೆಯಲು ಯಾರೂ ಬಿಡಲಿಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಅವಳು ಕಟ್ಟಿದ ಹಾಡು ಅದು. ಅವರ ಚರ್ಚಿನಲ್ಲಿ ವಾದ್ಯಗಳಿಗೆ ಜಾಗವಿಲ್ಲ. ಒಬ್ಬರು ಒಂದು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಉದ್ದಕ್ಕೆ ಎಳೆದು ಹಾಡುತ್ತಾರೆ. ಪ್ರತಿ ಆಗಸ್ಟಿನಲ್ಲಿ ಬೆಟ್ಟದ ತುದಿಯ ಸಮಾಧಿಗಳ ಬಳಿ ಸತ್ತವರ ನೆನಪಿನ ಸಭೆ ಸೇರಿದಾಗ ಅರ್ಮಿಂಡಾ ಎದ್ದು ಆ ಹಾಡನ್ನು ಎತ್ತಿಕೊಡುತ್ತಿದ್ದಳು. ಸಾಲು ಸಾಲಿನ ಕೊನೆಯಲ್ಲೂ ಎಸ್ಟಿಲ್‌ನ ಹೆಸರು. ವರ್ಷದಲ್ಲಿ ಆ ಒಂದು ದಿನ ಮಾತ್ರ ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದಳು.

ತಾಯಿಯನ್ನೇ ಕಾಣದ ಡೆಲ್ಫಾ ಆ ಮನೆಗೆ ಹೆಂಡತಿಯಾಗಿ ಬಂದದ್ದಕ್ಕಿಂತ ಮಗಳಾಗಿ ಬಂದದ್ದೇ ಹೆಚ್ಚು. ಜಗುಲಿಯಲ್ಲಿ ಬೀನ್ಸ್ ನಾರು ಬಿಡಿಸುತ್ತ ಅತ್ತೆಯೇ ಅವಳಿಗೆ ಹಾಡು ಕಲಿಸಿದ್ದಳು. ಉಸಿರು ಎಲ್ಲಿ ಎಳೆಯಬೇಕು, ದನಿ ಎಲ್ಲಿ ಮುರಿಯಬೇಕು, ಎಲ್ಲ ಆ ಜಗುಲಿಯದೇ.

ಮೊದಲ ರೆಕಾರ್ಡಿಗೆಂದು ಆ ವಸಂತದಲ್ಲಿ ಅವಳು ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋಗಿದ್ದಳು. ಮೂರು ಗಂಟೆಯಲ್ಲಿ ನಾಲ್ಕು ಹಾಡು ಮುಗಿಸುವುದು ಅಲ್ಲಿಯ ಪದ್ಧತಿ. ಮೂರು ಮುಗಿದವು. ನಾಲ್ಕನೆಯದು ಎಷ್ಟು ಹಾಡಿದರೂ ಕೂಡಿಬರಲಿಲ್ಲ. ವಾದ್ಯದವರು ಗಡಿಯಾರ ನೋಡತೊಡಗಿದರು. ರೆಕಾರ್ಡ್ ಮಾಡಿಸುತ್ತಿದ್ದ ಪ್ರುಯಿಟ್ ಗಾಜಿನ ಆಚೆಯಿಂದ ಕೇಳಿದ: “ನಿಮ್ಮೂರ ಕಡೇದು ಯಾವ್ದೂ ಇಲ್ವೇನಮ್ಮ? ರೆಕಾರ್ಡಿನ ಹಿಂಬದಿಗೆ ತಾನೆ, ಯಾರು ಕೇಳ್ತಾರೆ?”

ಅವಳು ಎರಡು ಸಾಲು ಹಾಡಿದಳು. ಗಿಟಾರಿನವನು ತಲೆಯೆತ್ತಿದ.

“ಸತ್ತ ಮಗನ ಹಾಡು ಯಾರೂ ಕೊಳ್ಳಲ್ಲ,” ಅಂದ ಪ್ರುಯಿಟ್. “ಎಸ್ಟಿಲ್ ಅನ್ನೋ ಕಡೆ ‘ನಲ್ಲ’ ಅನ್ನು. ಸ್ವಲ್ಪ ಜೋರಾಗಿ ಓಡ್ಸು. ಕಟ್ಟಿದ್ದು ಯಾರು?”

ಅವಳ ಬೆಟ್ಟಗಳಲ್ಲಿ ದೇವರ ಮುಂದೆ ಹಾಡಿದ್ದನ್ನು ‘ನನ್ನದು’ ಅನ್ನುವುದು ಅಹಂಕಾರ. ಅತ್ತೆಯ ಹೆಸರು ಹೇಳಿದರೆ ಅತ್ತೆಗೇ ಅವಮಾನ ಎಂದುಕೊಂಡಳು. “ಯಾರೂ ಕಟ್ಟಿಲ್ಲ ಸಾರ್. ಅದು ಹಾಗೇ ಇದೆ,” ಅಂದುಬಿಟ್ಟಳು. ಯಾರದೂ ಅಲ್ಲದ ಹಾಡಿಗೆ ಪ್ರುಯಿಟ್ ತನ್ನ ಹೆಸರು ಹಾಕಿಕೊಂಡ. ರೇಡಿಯೊದವರು ರೆಕಾರ್ಡನ್ನು ಮಗುಚಿ ಹಾಕಿ ಹಿಂಬದಿಯನ್ನೇ ಮತ್ತೆ ಮತ್ತೆ ನುಡಿಸಿದರು.

ಈಗ ಗಣಿಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ಹೋಬರ್ಟ್ ತಾಯಿಯ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. “ಗಣೀಲಿ ನನ್ನ ಏನಂತ ಕೇಳ್ತಾರೆ ಗೊತ್ತಾ? ನಿನ್ನ ಹೆಂಡ್ತಿ ಸತ್ತೋದ ನಲ್ಲ ಅಂತ ಅಳ್ತಾಳಲ್ಲ, ನೀನು ಇನ್ನೂ ಬದುಕೇ ಇದೀಯಲ್ಲಪ್ಪ ಅಂತ. ನನ್ನ ತಮ್ಮ ಯಾವಾಗ ನಿನ್ನ ನಲ್ಲ ಆದ್ನೇ?”

“ಸುಮ್ನಿರೋ,” ಅಂದಳು ಅರ್ಮಿಂಡಾ. ಸೊಸೆಯ ಎದುರಿಗೆ ಬಂದು ನಿಂತಳು. “ಹಾಡೋದು ಬಿಡು ಅಂತ ನಾನು ಹೇಳಲ್ಲ. ಕಲಿಸಿದವಳು ನಾನೇ. ಅವನ ಹೆಸರು ವಾಪಸ್ ಹಾಕು. ಅಷ್ಟು ಮಾಡಿದ್ರೆ ನೀನು ನನ್ನ ಮಗಳು.”

“ಹಾಕ್ತೀನಿ ಅತ್ತೆ. ನಿಮ್ಮಾಣೆ.”

ಶನಿವಾರದ ರೇಡಿಯೊ ಹಾಡಿನ ಕಾರ್ಯಕ್ರಮದಲ್ಲಿ, ತುಂಬಿದ ಸಭೆಯ ಮುಂದೆ, ಯಾರನ್ನೂ ಕೇಳದೆ ಡೆಲ್ಫಾ ಹೇಳಿಬಿಟ್ಟಳು. ಇದು ಪ್ರೇಮದ ಹಾಡಲ್ಲ. ಗಣಿಯಲ್ಲಿ ಸತ್ತ ನನ್ನ ಮೈದುನ ಎಸ್ಟಿಲ್‌ಗಾಗಿ ಅವನ ತಾಯಿ ಕಟ್ಟಿದ್ದು. ಹಾಡುತ್ತ ಹಾಡುತ್ತ ಹೆಸರಿನ ಜಾಗಕ್ಕೆ ಬಂದಾಗ ದನಿ ನಿಂತೇಹೋಯಿತು. ಆಮೇಲೆ ಹೆಸರು ಹೊರಬಂತು. ಸಭೆಯೇ ಅತ್ತಿತು.

ಪರದೆಯ ಹಿಂದೆ ಪ್ರುಯಿಟ್ ಬಯ್ಯುತ್ತಾನೆಂದು ಅವಳು ಕಾದಳು. ಅವನು ಅವಳ ಎರಡೂ ಕೈ ಹಿಡಿದುಕೊಂಡ. “ಇದನ್ನ ಮೊದ್ಲೇ ಹೇಳ್ಬಾರ್ದಾ ಹುಡುಗಿ? ಹೋದ ಊರಲ್ಲೆಲ್ಲ ಹೀಗೇ ಹೇಳು. ಹೆಸರಿನ ಹತ್ರ ನಿಲ್ಸಿದ್ಯಲ್ಲ, ಹಾಗೇ ನಿಲ್ಸು. ಮನಸ್ಸಲ್ಲೇ ಮೂರು ಎಣಿಸ್ಕೋ.”

“ಬೇಕು ಅಂತ ನಿಲ್ಸಿದ್ದಲ್ಲ ಸಾರ್. ಅಳು ಬಂತು.”

“ನಾಳೆ ಬರ್ದೇ ಇದ್ರೆ?”

ಮರುದಿನವೂ ಬಂತು. ಅದರ ಮರುದಿನವೂ ಬಂತು. ಆಮೇಲೆ ಯಾವುದೋ ಒಂದು ಊರಿನಲ್ಲಿ ಬರಲಿಲ್ಲ. ಅಂದು ಅವಳು ಎಣಿಸಿದಳು. ಜನ ಎಂದಿನಷ್ಟೇ ಅತ್ತರು. ಸ್ವಲ್ಪ ಹೆಚ್ಚೇ ಅತ್ತರು. ಆ ಮಾತು, ಆ ಹೆಸರು, ಆ ಮೌನ ಎಲ್ಲವನ್ನೂ ಸೇರಿಸಿ ಹೊಸ ರೆಕಾರ್ಡ್ ಮಾಡಿದರು. ಈ ಸಲ ಮುಂಬದಿಗೇ. ಅತ್ತೆಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದು ಡೆಲ್ಫಾ ನಂಬಿದ್ದಳು. ಹಾಗೆ ನಂಬದಿದ್ದರೆ ಹಾಡುವುದಕ್ಕೇ ಆಗುತ್ತಿರಲಿಲ್ಲ.

ಆಗಸ್ಟಿನ ಸಭೆಗೆ ಅವಳು ಊರಿಗೆ ಬಂದಾಗ ಬೆಟ್ಟದ ಬುಡದಲ್ಲಿ ಪರ ರಾಜ್ಯದ ಕಾರುಗಳು ನಿಂತಿದ್ದವು. ರೆಕಾರ್ಡ್ ಕೇಳಿದವರು ಎಸ್ಟಿಲ್‌ನ ಸಮಾಧಿ ನೋಡಲು ಬಂದಿದ್ದರು. ಬಿಳಿ ಟೋಪಿಯ ಹೆಂಗಸೊಬ್ಬಳು ಕಲ್ಲಿನ ಪಕ್ಕ ಪ್ಲಾಸ್ಟಿಕ್ ಹೂ ಇಟ್ಟು, ಗಂಡನಿಂದ ಫೋಟೊ ತೆಗೆಸಿಕೊಳ್ಳುತ್ತಿದ್ದಳು.

“ಅರ್ಮಿಂಡಾ ತಂಗಿ, ಹಾಡು ಎತ್ತಿಕೊಡಮ್ಮ,” ಅಂದರು ಮುದಿ ಬೋಧಕರು.

ಅರ್ಮಿಂಡಾ ಎದ್ದಳು. ಬಾಯಿ ತೆರೆದಳು. ಅಪರಿಚಿತರು ಅವಳಿಗೆ ಧೈರ್ಯ ತುಂಬುವಂತೆ ನಗುತ್ತಿದ್ದರು. ಅವಳು ಬಾಯಿ ಮುಚ್ಚಿದಳು. “ಡೆಲ್ಫಾ, ನೀನು ಎತ್ತು. ನಾನು ಕಲಿಸಿದ ಹಾಗೆ.”

ಅತ್ತೆ ಕ್ಷಮಿಸಿದಳು... ಡೆಲ್ಫಾಳ ಎದೆ ತುಂಬಿ ಬಂತು. ಅವಳು ಹಳೆಯ ರೀತಿಯಲ್ಲೇ ಸಾಲು ಎತ್ತಿದಳು. ಊರವರು ನಿಧಾನವಾಗಿ ಎಳೆದು ಹಾಡಿದರು. ಶಿಳ್ಳೆ ಹಾಕುತ್ತ ಬೆಟ್ಟ ಇಳಿಯುತ್ತಿದ್ದ ಎಸ್ಟಿಲ್ ನಿಜವಾಗಿಯೂ ಕಣ್ಣ ಮುಂದೆ ಬಂದ. ಹೆಸರಿನ ಜಾಗ ಬಂತು. ಅವಳ ದನಿ ನಿಂತಿತು. ಹೆಸರು ಬರುವ ಮೊದಲೇ ಬಿಳಿ ಟೋಪಿಯವಳು ಕರವಸ್ತ್ರ ತೆಗೆದಳು. ತನ್ನ ದನಿ ನಿಂತದ್ದು ದುಃಖಕ್ಕೋ ಅಭ್ಯಾಸಕ್ಕೋ ಡೆಲ್ಫಾಳಿಗೇ ಗೊತ್ತಾಗಲಿಲ್ಲ. ಅತ್ತೆಯ ದೃಷ್ಟಿ ತನ್ನ ಬಾಯಿಯ ಮೇಲೆ ನೆಟ್ಟಿರುವುದನ್ನು ಕಂಡಾಗಲಷ್ಟೇ, ತನ್ನ ತುಟಿಗಳು ಎಣಿಸುತ್ತಿವೆ ಎಂಬ ಅರಿವಾಯಿತು.

ಅರ್ಮಿಂಡಾ ಹಾಡು ಮುಗಿಯುವವರೆಗೂ ನಿಂತಿದ್ದು, ಮರಗಳ ಕೆಳಗೆ ಊಟ ಹಾಕಿದ್ದ ಕಡೆ ನಡೆದಳು.

ಅಲ್ಲಿ ಹೊರಗಿನಿಂದ ಬಂದ ಅತಿಥಿಗಳಿಗೆ ಮೊದಲ ಪಂಕ್ತಿ. ಮನೆಯ ಹೆಂಗಸರು ಬಡಿಸುತ್ತಾರೆ. ಉಳಿದದ್ದನ್ನು ಕೊನೆಗೆ ಒಟ್ಟಿಗೆ ಕೂತು ತಿನ್ನುತ್ತಾರೆ. ಡೆಲ್ಫಾ ಪ್ರತಿ ವರ್ಷದಂತೆ ತೋಳು ಮಡಚಿ, ಕೋಳಿಯ ಪಾತ್ರೆಗೆ ಕೈಹಾಕಿದಳು. “ಕೊಡಿ ಅತ್ತೆ, ನಾನು ಬಡಿಸ್ತೀನಿ.”

ಅರ್ಮಿಂಡಾ ಪಾತ್ರೆಯನ್ನು ಮೆಲ್ಲಗೆ ಈಚೆಗೆ ಸರಿಸಿಕೊಂಡಳು.

“ಬೇಡಿ. ದೂರದಿಂದ ಬಂದಿದೀರ, ಕೂತ್ಕೊಳಿ.”

“ಅತ್ತೆ, ನಾನು...”

“ಕೂತ್ಕೊಳಿ.”

ಹೋಬರ್ಟ್ ನೀರಿನ ಕೊಡ ಹಿಡಿದು ನಿಂತಿದ್ದ. ಡೆಲ್ಫಾ ಅವನ ಮುಖ ನೋಡಿದಳು. ಅವನು ಬೇರೆ ಯಾರದೋ ಲೋಟ ತುಂಬಿಸಲು ಬಗ್ಗಿದ. ಅವಳು ಬಿಳಿ ಟೋಪಿಯವಳ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ಅರ್ಮಿಂಡಾ ಇಬ್ಬರ ತಟ್ಟೆಗೂ ಒಂದೇ ಸಮ ಕೋಳಿ, ಬೀನ್ಸ್, ಮೆಕ್ಕೆಜೋಳದ ರೊಟ್ಟಿ ಬಡಿಸಿದಳು. “ಸಂಕೋಚ ಮಾಡ್ಕೋಬೇಡಿ, ಹೊಟ್ಟೆ ತುಂಬ ಊಟ ಮಾಡಿ,” ಎಂದು ಇಬ್ಬರಿಗೂ ಹೇಳಿ ಮುಂದಿನ ತಟ್ಟೆಗೆ ಹೋದಳು.

“ಎಷ್ಟು ಒಳ್ಳೇ ಜನ, ಅಲ್ವಾ?” ಅಂದಳು ಬಿಳಿ ಟೋಪಿಯವಳು.

ಡೆಲ್ಫಾ ರೊಟ್ಟಿ ಮುರಿದಳು.

“ಹೌದು,” ಅಂದಳು. “ತುಂಬ ಒಳ್ಳೆಯವರು.”