ರೀ ಬಿಟ್ಟ ಭಾನುವಾರ

ಅವನು ನನ್ನ ಜೊತೆ ಮೊದಲ ಸಲ ಮಾತಾಡಿದ್ದೇ ನನ್ನನ್ನು ಬೈಯುವುದಕ್ಕೆ. ಅದೂ ಫೋನಿನಲ್ಲಿ.

“ಹಲೋ, ಕೇಬಲ್ ಆಫೀಸಾ? ಭಾನುವಾರ ಆ ಮಾಂತ್ರಿಕರ ಸ್ಕೂಲಿಗೆ ಕನ್ನಡ ಹೇಳ್ತಾರಲ್ಲ ಮೇಡಂ, ಅವರಿಗೆ ಫೋನ್ ಕೊಡ್ರಿ.”

“ಆ ಕಾರ್ಟೂನಿಗಾ?”

“ಕಾರ್ಟೂನ್ ಅಲ್ಲ ಕಣ್ರೀ, ಅನಿಮೆ. ಜಪಾನಿಂದು.”

ದನಿಯಲ್ಲಿ ಅಷ್ಟು ಸಿಟ್ಟಿತ್ತು. ನನಗೆ ತಮಾಷೆ ಅನ್ನಿಸಿತು. “ಮೇಡಂ ಊಟಕ್ಕೆ ಹೋಗವ್ರೆ. ಏನು ಹೇಳ್ಬೇಕು?” ಎಂದೆ. ಆ ಮೇಡಂ ನಾನೇ, ವನಿತಾ. ತುರುವೇಕೆರೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಕೇಬಲ್ ಆಫೀಸಿನಲ್ಲಿ ಫೋನ್ ಎತ್ತುವವಳೂ ನಾನೇ, ಸಿ.ಡಿ. ಹಾಕುವವಳೂ ನಾನೇ, ಮೈಕ್ ಹಿಡಿದು ಕನ್ನಡ ಹೇಳುವವಳೂ ನಾನೇ.

“ಅವರಿಗೆ ಕಥೇನೇ ಅರ್ಥ ಆಗಿಲ್ಲ ಅಂತ ಹೇಳಿ. ಆ ಸ್ಕೂಲಲ್ಲಿ ಒಂದು ಮಂತ್ರ ಕಲಿತ್ರೆ ತಲೆಯಿಂದ ಒಂದು ಹೆಸರು ಅಳಿಸೋಗುತ್ತೆ. ಹೋದ ವಾರ ಆ ಹುಡ್ಗಿ ಸುಯೊ ದೀಪ ಹತ್ತಿಸಿದ್ಲಲ್ಲ, ಆಗ ಅವಳು ಮರೆತಿದ್ದು ಅವಳಜ್ಜಿ ಹೆಸರು. ನಿಮ್ಮ ಮೇಡಂ ಲಾಟರಿ ಹೊಡೆದಂಗೆ ಖುಷಿಯಾಗಿ ಕೂಗಿದ್ರು.”

ನನ್ನ ಮುಖ ಬಿಸಿಯಾಯಿತು. “ಅಜ್ಜಿ ವಿಷ್ಯ ಅದ್ರಲ್ಲಿ ಎಲ್ಲಿ ತೋರ್ಸಿದ್ರು?”

“ಅದೇ ಕಣ್ರೀ ಅದರ ದೋಷ! ಕಾಮಿಕ್ಸ್ ಪುಸ್ತಕದಲ್ಲಿ ಐತೆ, ಇದರಲ್ಲಿ ಕತ್ತರಿಸವ್ರೆ. ಇನ್ನು ಆ ಗಂಡು ದನಿ, ಸಂತೇಲಿ ಹರಾಜು ಕೂಗ್ದಂಗೆ...” ಎಂದವನು ತಡೆದ. “ಆದ್ರೆ ಒಂದು ಮಾತು. ಮೇಡಂ ದನಿ ಮಾತ್ರ ಸುಯೊಗೆ ಅಂತ್ಲೇ ಮಾಡ್ದಂಗೈತೆ. ಅದನ್ನೂ ಹೇಳ್ಬಿಡಿ.”

ಅದನ್ನು ನಾನು ಯಾರಿಗೂ ಹೇಳಲಿಲ್ಲ. ರಾತ್ರಿ ಅನ್ನ ಕಲಸುವಾಗ ಮಾತ್ರ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಬಂದು ನಿಂತ. ಶರ್ಟಿನ ತೋಳಿನಲ್ಲಿ ತಾಮ್ರದ ತಂತಿಯ ಚೂರು ಮಿನುಗುತ್ತಿತ್ತು, ಮೈಯಿಂದ ವಾರ್ನಿಶ್ ವಾಸನೆ. “ಏನ್ ಬೇಕಿತ್ತು?” ಎಂದೆ ಅಷ್ಟೇ. ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು.

“ಊಟ ಆಯ್ತಾ ಮೇಡಂ?”

ಸಿಕ್ಕಿಬಿದ್ದಿದ್ದೆ. ಇಬ್ಬರೂ ನಕ್ಕೆವು.

ಹೆಸರು ನಾಗಭೂಷಣ. ತೋಟದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ. ತಾಮ್ರದ ತಂತಿ ತರಲು ತಿಪಟೂರಿಗೆ ಹೋದಾಗಲೆಲ್ಲ ಸೈಬರ್ ಸೆಂಟರಿನಲ್ಲಿ ಕೂತು ಆ ಕಾಮಿಕ್ಸನ್ನು ಪೂರ್ತಿ ಓದಿದ್ದ. 2006ರಲ್ಲಿ ನಮ್ಮ ಕಡೆ ಅದನ್ನು ಓದಿದವನು ಅವನೊಬ್ಬನೇ ಇರಬೇಕು. ಹರಾಜು ಕೂಗುವ ಗಂಡು ದನಿ ನಮ್ಮ ಓನರ್ ಮರುಳಣ್ಣನದು. ಅವರು ಅವತ್ತೇ, “ನೀನೇ ಹೇಳ್ಕಳಪ್ಪ, ನಂಗೆ ಉಸ್ರು ಕಟ್ಟುತ್ತೆ” ಎಂದು ಮೈಕ್ ಅವನಿಗೆ ಕೊಟ್ಟು ಕಳಚಿಕೊಂಡರು.

ಇದ್ದದ್ದು ಒಂದೇ ಮೈಕ್. ಸಿ.ಡಿ. ಓಡುತ್ತಿದ್ದ ಹಾಗೇ ನಾವು ನೇರವಾಗಿ ಹೇಳಬೇಕು, ಅದು ಹಾಗೇ ಊರಿನ ಟೀವಿಗಳಿಗೆ ಹೋಗುತ್ತಿತ್ತು. ಮೈಕಿನ ಆ ಕಡೆ ಅವನು ಕಥೆಯ ಹುಡುಗ ಕಾಜುವಿನ ದನಿ, ಈ ಕಡೆ ನಾನು ಸುಯೊ. ಅವನ ಉಸಿರು ನನ್ನ ಮುಂಗೂದಲಿಗೆ ತಾಗುತ್ತಿತ್ತು. ಕೂದಲು ಹಿಂದಕ್ಕೆ ಸರಿಸಿಕೊಂಡರೆ ಅವನ ಕಣ್ಣು ಸ್ಕ್ರೀನು ಬಿಟ್ಟು ನನ್ನ ಬೆರಳಿನ ಹಿಂದೆಯೇ ಬರುತ್ತಿತ್ತು. ಅದನ್ನು ನೋಡಲೆಂದೇ ನಾನು ಅಗತ್ಯಕ್ಕಿಂತ ಹೆಚ್ಚು ಸಲ ಸರಿಸಿಕೊಂಡೆ. ಸುಳ್ಳೇಕೆ ಹೇಳಲಿ.

ಎಪಿಸೋಡ್ ಮುಗಿದ ಮೇಲೆ ಜಗಳ. ಮಾಂತ್ರಿಕರ ಶಾಲೆಯನ್ನು ಅಷ್ಟು ಕತ್ತಲಾಗಿ ತೋರಿಸಿದ್ದೇ ಅನಿಮೆಯ ಶಕ್ತಿ ಎನ್ನುವುದು ನನ್ನ ವಾದ. ಒಂದೊಂದು ಹೆಸರು ಅಳಿಸಿದಾಗಲೂ ದೂರದಲ್ಲಿ ಬಾರಿಸುವ ಆ ಗಂಟೆ, ಆರಿಹೋಗುವ ಮೇಣದಬತ್ತಿ!

“ಪುಸ್ತಕದಲ್ಲಿ ಗಂಟೆ ಸದ್ದು ಕೇಳುತ್ತೇನ್ರಿ?” ಎಂದೆ.

“ಅದು ಒಪ್ತೀನಿ. ಮ್ಯೂಸಿಕ್ಕಿಗೆ ನೂರಕ್ಕೆ ನೂರು. ಆದ್ರೆ ಓಡೋ ಸ್ಪೀಡ್ ನೋಡ್ರಿ! ಪುಸ್ತಕದಲ್ಲಿ ಕಾಜು ವರ್ಷಗಟ್ಲೆ ಸುಯೊ ಹಿಂದೆ ಕೊಡೆ ಹಿಡ್ಕೊಂಡು ನಡೀತಾನೆ. ಇದ್ರಲ್ಲಿ ಎರಡು ಸಲ ನೋಡ್ದ, ಪ್ರೀತಿ ಆಯ್ತು. ಯಾರು ನಂಬ್ತಾರೆ?”

“ಎರಡು ಸಲ ನೋಡಿದ್ರೆ ಆಗಲ್ವಾ?”

ಅವನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೋದ.

ಅವನ ತಾಯಿ ಕಾಳಕ್ಕ ದಬ್ಬೇಘಟ್ಟ ರೋಡಿನ ಮನೆಯಲ್ಲಿ ಒಂದು ವಾರವೂ ತಪ್ಪಿಸದೆ ಇದನ್ನು ನೋಡುತ್ತಿದ್ದರು. ಮುಗಿದ ಕೂಡಲೇ ಆಫೀಸಿಗೆ ಫೋನ್ ಬರುತ್ತಿತ್ತು. “ಆ ಸ್ಕೂಲಲ್ಲಿ ಕರೆಂಟ್ ಇಲ್ವೇನವ್ವ? ಮುಖಾನೇ ಕಾಣ್ಸಲ್ಲ. ಮತ್ತೆ ಆ ಗೋಡಂಬಿ, ಮನ್ಸಲ್ಲಿರೋದು ಹೇಳಕ್ಕೇನು ಧಾಡಿ ಅವ್ನಿಗೆ?” ಕಾಜು ಎಂಬ ಹೆಸರನ್ನು ಅವರು ಮೊದಲ ದಿನವೇ ಗೋಡಂಬಿ ಮಾಡಿದ್ದರು.

ದೊಡ್ಡ ಜಗಳ ಆದದ್ದು ಒಂದು ಪುಟ್ಟ ಶಬ್ದಕ್ಕೆ. ಸಬ್‌ಟೈಟಲ್‌ನಲ್ಲಿ ಇರುವುದು ಬರೀ ‘ಯು’. ಇಂಗ್ಲಿಷಿನವರಿಗೆ ಎಷ್ಟು ಸುಲಭ! ನಾವು ಮಾತ್ರ ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ತಲೆ ಕೆಡಿಸಿಕೊಳ್ಳಬೇಕು. ನಾನು ಕಾಜು ಮತ್ತು ಸುಯೊಗೆ ಮೊದಲಿನಿಂದಲೂ ‘ನೀವು’ ಹಾಕಿದ್ದೆ.

“ಇಷ್ಟು ದೂರ ಬಂದ ಮೇಲೂ ನೀವು ಅಂದ್ರೆ ಬ್ಯಾಂಕ್ ಮ್ಯಾನೇಜರ್ ಹತ್ರ ಮಾತಾಡ್ದಂಗೆ ಇರುತ್ತೆ ಕಣ್ರೀ,” ಎಂದ.

“ಅವನು ಇನ್ನೂ ಏನೂ ಹೇಳಿಲ್ವಲ್ಲ. ಹೇಳೋಕೆ ಮುಂಚೆ ನೀನು ಅಂದ್ರೆ ಅದು ಸದರ.”

“ನೀನು ಅನ್ನೋದೇ ಹೇಳೋದು ಅಂತ ಯಾಕಾಗ್ಬಾರ್ದು?”

ನಾನು ಮೈಕಿನ ವೈರು ಸುತ್ತಿಡತೊಡಗಿದೆ. ಆಮೇಲೆ ಅವನು “ಬತ್ತೀನ್ರೀ” ಎಂದ, ನಾನು “ಹೋಗ್ಬನ್ರೀ” ಎಂದೆ. ನಮ್ಮಿಬ್ಬರ ನಡುವೆ ಆ ಎರಡು ‘ರೀ’ ಕಾವಲುಗಾರರ ಹಾಗೆ ನಿಂತಿದ್ದವು.

ಕೊನೆಯ ಎಪಿಸೋಡಿನ ಭಾನುವಾರ ಬಂದೇಬಿಟ್ಟಿತು. ಮುಂದಿನ ವಾರದಿಂದ ಆ ಹೊತ್ತಿಗೆ ಹಳೇ ಸಿನಿಮಾ ಎಂದು ಮರುಳಣ್ಣ ಆಗಲೇ ಹೇಳಿದ್ದರು. ಹಳೇ ಸಿನಿಮಾಕ್ಕೆ ನಾಗಭೂಷಣ ಯಾಕೆ ಬೇಕು? ಅವನಿಗೆ ಬರಲು ನೆಪವಿಲ್ಲ, ನನಗೆ ಕರೆಯಲು ಧೈರ್ಯವಿಲ್ಲ. ಇವತ್ತು ಆಗದಿದ್ದರೆ ಇನ್ನು ಆಗುವುದಿಲ್ಲ.

ಕಥೆಯಲ್ಲೂ ಅಂಥದೇ ಇಕ್ಕಟ್ಟು. ಶಾಲೆ ಮುಗಿಸಿ ಹೊರಡುವಾಗ ಪ್ರತಿಯೊಬ್ಬರೂ ತಮಗೆ ತೀರಾ ಪ್ರೀತಿಯ ಒಂದು ಹೆಸರನ್ನು ಮರೆಯಬೇಕು. ಪುಸ್ತಕದಲ್ಲಿ ಕಾಜು ಕೊನೆಗೆ ಬಾಯಿ ಬಿಡುತ್ತಾನಂತೆ. ಅನಿಮೆಯಲ್ಲಿ ಅದೆಲ್ಲ ತೆಗೆದುಹಾಕಿ ಬರೀ ಹಿಮ ಬೀಳಿಸಿದ್ದರು. ಮಾತಿಲ್ಲ, ಮ್ಯೂಸಿಕ್ಕೂ ಇಲ್ಲ.

“ಅಲ್ಲಿ ನಾನು ಪುಸ್ತಕದ ಮಾತು ಹೇಳ್ಲಾ?” ಎಂದು ಹೋದ ವಾರ ಕೇಳಿದ್ದ.

“ಬೇಡ. ಆ ಮೌನಾನೇ ಚೆಂದ. ನೋಡೋರು ತಾವೇ ತುಂಬ್ಕೋತಾರೆ.”

“ತುಂಬ್ಕೊಳಲ್ಲ ಕಣ್ರೀ, ನೀರು ಕುಡಿಯೋಕೆ ಎದ್ದೋಗ್ತಾರೆ.”

ನಾನೇ ಗೆದ್ದಿದ್ದೆ. ಈಗ ಆ ಹಾಳು ಗೆಲುವಿಗೆ ನನ್ನ ಮೇಲೆ ನನಗೇ ಕೋಪ.

ಅವತ್ತು ಜೋರು ಗಾಳಿ. ನಮ್ಮ ಕೇಬಲ್ ಎಳೆದಿರುವುದೇ ತೆಂಗಿನ ಮರದಿಂದ ಮರಕ್ಕೆ. ಎಪಿಸೋಡ್ ಅರ್ಧ ಆಗಿತ್ತು, ಫೋನ್ ಮೇಲೆ ಫೋನ್: ಚಿತ್ರ ಬರ್ತಿಲ್ಲ, ಚಿತ್ರ ಬರ್ತಿಲ್ಲ. ಎತ್ತಿದ ಮರುಳಣ್ಣ, “ಮಟ್ಟೆ ಬಿದ್ದು ಮೇನ್ ಲೈನೇ ಹೋಯ್ತು ಕಣಮ್ಮ!” ಎಂದು ಕೂಗಿ, ಏಣಿ ಹೊತ್ತು ಓಡಿದರು.

ನಮ್ಮ ಎದುರಿನ ಟೀವಿ ನೇರ ಪ್ಲೇಯರಿಗೆ ಸಿಕ್ಕಿಸಿದ್ದು, ಅದರಲ್ಲಿ ಚಿತ್ರ ಓಡುತ್ತಲೇ ಇತ್ತು.

“ಊರಲ್ಲಿ ಯಾರಿಗೂ ಬರ್ತಿಲ್ಲ. ನಿಲ್ಸೋಣ್ವಾ?” ಎಂದೆ.

“ಬೇಡ್ರಿ. ನಮಗೋಸ್ಕರ ಮುಗಿಸೋಣ.”

ಮುಗಿಸುತ್ತ ಬಂದೆವು. ಸುಯೊ ಶಾಲೆಯ ದೊಡ್ಡ ಬಾಗಿಲು ದಾಟಿದಳು, ಕಾಜು ಹಿಂದೆಯೇ ನಿಂತ. ಹಿಮ ಬೀಳತೊಡಗಿತು. ರೂಮಿನಲ್ಲಿ ಫ್ಯಾನಿನ ಸದ್ದು ಮಾತ್ರ. ನಾನು ಮೈಕನ್ನೇ ನೋಡುತ್ತಿದ್ದೆ, ತಲೆ ಎತ್ತಲು ಹೆದರಿಕೆ.

“ನಿನ್ನ ಹೆಸರು ಮರೆತ್ರೂ,” ಎಂದ ಅವನು, ಮೆಲ್ಲಗೆ, “ಸಂತೆ ಮಧ್ಯೆ ನೀನು ಯಾರನ್ನೋ ಕೂಗಿದ್ರೂ ಸಾಕು. ಆ ದನಿಗೆ ನಾನು ತಿರುಗಿ ನೋಡ್ತೀನಿ.”

ತಲೆ ಎತ್ತಿದೆ. ಅವನು ಸ್ಕ್ರೀನನ್ನು ನೋಡುತ್ತಲೇ ಇರಲಿಲ್ಲ.

“ಇದಿಷ್ಟು ಪುಸ್ತಕದ್ದು. ಇನ್ನು ಮುಂದಿಂದು ನಂದು. ವನಿತಾ, ನಂಗೆ ಇನ್ಮೇಲೆ ಇಲ್ಲಿಗೆ ಬರೋಕೆ ನೆಪ ಇಲ್ಲ. ನೆಪ ಇಲ್ದೆ ಬರ್ಲಾ? ನೀನು ಬಾ ಅಂದ್ರೆ ಬತ್ತೀನಿ.”

ನೀನು! ಅದರಲ್ಲಿ ಸದರವೇನೂ ಇರಲಿಲ್ಲ. ಇಷ್ಟು ದಿನ ನಾನು ಎಂಥ ಪೆದ್ದಿ!

“ಬಾರೋ,” ಎಂದೆ. ನಗು ಬಂತು. “ಬಾರೋ ಭೂಷಣ. ಭಾನುವಾರದ ತನಕ ಯಾಕೆ ಕಾಯ್ತೀಯ, ನಾಳೆನೇ ಬಾ.”

ಅವನ ಕೈ ಮೈಕನ್ನು ದಾಟಿ ಬಂದು ನನ್ನ ಮುಂಗೂದಲನ್ನು ಹಿಂದಕ್ಕೆ ಸರಿಸಿತು. ಅಷ್ಟು ವಾರ ನಾನೇ ಮಾಡಿಕೊಂಡಿದ್ದ ಕೆಲಸ. ಹಿಮ ನಿಂತು, ಚಿತ್ರ ಮುಗಿದು, ಹೆಸರುಗಳು ಓಡತೊಡಗಿದವು.

ಆಗ ಫೋನ್ ಬಡಿದುಕೊಂಡಿತು. ಇನ್ನೊಬ್ಬರ ದೂರು ಎಂದುಕೊಂಡು ಕೂತಲ್ಲಿಂದಲೇ ಎತ್ತಿದೆ.

“ನಾನು ಕಾಳಕ್ಕ ಕಣವ್ವ. ಇವತ್ತು ಚಿತ್ರಾನೂ ಚೆನ್ನಾಗ್ ಬಂತು, ಮಾತೂ ಚೆನ್ನಾಗ್ ಕೇಳಿಸ್ತು.”

“ನಿಮ್ಮನೆಗೆ ಬರ್ತಾ ಇತ್ತಾ?”

“ಅಮ್ಮಸಂದ್ರ ರೋಡಿಗೆ ಮಾತ್ರ ಕಟ್ಟಾಗಿರೋದಂತೆ. ಮಿಕ್ಕೋರೆಲ್ಲ ನೋಡುದ್ವಿ. ಬೀದಿ ಹೆಂಗಸ್ರೆಲ್ಲ ನಮ್ಮನೇಲೇ ಕುಂತವ್ರೆ.”

ನಾನು ಭೂಷಣನ ಕಡೆ ನೋಡಿದೆ. ರಿಸೀವರಿನಿಂದ ಅಮ್ಮನ ದನಿ ಅವನಿಗೂ ಕೇಳಿಸುತ್ತಿತ್ತು. ಅವನ ಕಿವಿ ಮೊದಲ ದಿನಕ್ಕಿಂತ ಕೆಂಪಾಗಿತ್ತು.

“ಗೋಡಂಬಿ ಕೊನೆಗೂ ಬಾಯ್ಬುಟ್ಟ ಬುಡು, ನಂಗೆ ಸಮಾಧಾನ ಆಯ್ತು. ಆದ್ರೆ ಈ ಕಥೇಲಿ ಇನ್ನೂ ಒಂದು ತಪ್ಪೈತೆ ಕಣವ್ವ.”

“ಏನು?” ಎಂದೆ.

“ಆ ಹುಡ್ಗಿ ಅವ್ನನ್ನ ಬಾ ಬಾ ಅಂತ ಕರುದ್ಲು. ತಾನು ಅವ್ರ ಮನೇಗೆ ಯಾವಾಗ ಬತ್ತಾಳೆ ಅಂತ ತೋರುಸ್ಲೇ ಇಲ್ವಲ್ಲ?”

ಹಿಂದಿನಿಂದ ಹೆಂಗಸರ ನಗು ಕೇಳಿಸಿತು. ಭೂಷಣ ನನ್ನ ಮುಖವನ್ನೇ ನೋಡುತ್ತಿದ್ದ.

“ಬತ್ತೀನಿ ಅತ್ತೆ,” ಎಂದೆ.

ಮೈಕ್ ಇನ್ನೂ ಆನ್ ಆಗಿಯೇ ಇತ್ತು.