ಮೂರನೇ ಮುಚ್ಚಳ

ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಗೆ ಓಡಿಬಂದ ಹೆಂಗಸಿನ ಒಂದೇ ಕಾಲಿನಲ್ಲಿ ಚಪ್ಪಲಿಯಿತ್ತು. ಹಿಂದೆ ಅವಳ ಅಣ್ಣ. ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಅವನು ಮೇಸ್ತ್ರಿ. ಅವಳ ಗಂಡ ಅಲ್ಲೇ ತೊಟ್ಟಿಗಳೊಳಗಿನ ಕಸ ಹಿಡಿಯುವ ಜಾಲರಿ ತೊಳೆಯುವವನು. ಬೆಳಿಗ್ಗೆ ತೊಟ್ಟಿಯ ಮೂರನೇ ಮುಚ್ಚಳ ತೆಗೆದ ಗಂಡ ಅಲ್ಲೇ ಕುಸಿದಿದ್ದ. ಈಗ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾನೆ. ಕಾಲು ಜಾರಿತು ಎನ್ನುತ್ತಿದ್ದಾರೆ ಘಟಕದವರು.

"ಅವರು ಜಾರೋರಲ್ಲ ಸಾರ್. ಫ್ಯಾನ್ ಸದ್ದು ಕೇಳಿಸ್ಕೊಳ್ದೆ ಮುಚ್ಚಳ ಮುಟ್ಟೋರೇ ಅಲ್ಲ, ಅಷ್ಟು ಪುಕ್ಕಲು. ಯಾರೋ ಏನೋ ಮಾಡಿದಾರೆ."

ಪೇದೆ ಕೊಟ್ಟ ನೀರಿನ ಲೋಟವನ್ನು ಅಣ್ಣ ಕುಡಿಯದೆ ಹಾಗೇ ಮೇಜಿನ ಮೇಲಿಟ್ಟ. ಪಾಪ, ಭಾವಮೈದುನನ ಚಿಂತೆ ಎಂದುಕೊಂಡರು ಇನ್‌ಸ್ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

ಘಟಕದ ಗೇಟಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಮೂಗೊರೆಸಿಕೊಂಡು, ತನಗೆ ನೆಗಡಿಯಾಗಿದೆ, ಈ ಕೇಸು ತನಗೆಂದೇ ಬಂದದ್ದು ಎಂದು ನಕ್ಕ. ಅವರನ್ನು ಕರೆದೊಯ್ಯಲು ಬಂದಿದ್ದ ಘಟಕದ ಎಂಜಿನಿಯರು ನಗಲಿಲ್ಲ. ತೊಟ್ಟಿಯ ಗಾಳಿ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ದಟ್ಟವಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ, ಆಮೇಲೆ ವಾಸನೆಯೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ ಎಂದರು. ಹೆಡ್ ಕಾನ್‌ಸ್ಟೇಬಲನ ನಗು ಇಂಗಿತು. ಕಳ್ಳನಾದರೆ ಕಣ್ಣಿಗೆ ಕಾಣುತ್ತಾನೆ, ಕಾಣದ ಗಾಳಿಯನ್ನು ಹಿಡಿಯುವುದು ಹೇಗೆ? ಇನ್‌ಸ್ಪೆಕ್ಟರಿಗೂ ಭಯವಾಯಿತು. ಕರವಸ್ತ್ರದಿಂದ ಏನೂ ಆಗದೆಂದು ತಿಳಿದೂ ಅದನ್ನೇ ಮೂಗಿಗೆ ಒತ್ತಿಕೊಂಡು ನಡೆದರು.

ತೊಟ್ಟಿಗಳಿಗೆ ಮುಚ್ಚಳ ಹಾಕಿ ಎರಡು ತಿಂಗಳಾಗಿತ್ತು. ಒಳಗಿನ ಕೆಟ್ಟ ಗಾಳಿಯನ್ನು ದೊಡ್ಡ ಫ್ಯಾನು ಎಳೆದು, ಮರದ ಚಕ್ಕೆಗಳ ಹಾಸಿನೊಳಗೆ ಹಾಯಿಸಿ, ವಾಸನೆ ತೆಗೆದು ಹೊರಗೆ ಬಿಡುತ್ತಿತ್ತು. ಆದರೆ ಫ್ಯಾನು ವಿದ್ಯುತ್ತನ್ನು ನುಂಗಿ ನೀರು ಕುಡಿಯುತ್ತಿತ್ತು. ತಿಂಗಳ ಕೊನೆಯೊಳಗೆ ಬಳಕೆ ಇಳಿಯದಿದ್ದರೆ ಫ್ಯಾನೂ ಬೇಡ, ಮುಚ್ಚಳವೂ ಬೇಡ, ತೊಟ್ಟಿಗಳು ಮೊದಲಿನಂತೆ ತೆರೆದೇ ಇರಲಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಎರಡು ವಾರದಿಂದ ಬಳಕೆ ಚೆನ್ನಾಗಿ ಇಳಿದಿದೆ ಎಂದು ಎಂಜಿನಿಯರು ಹೆಮ್ಮೆಯಿಂದಲೇ ಹೇಳಿದರು.

"ಇವತ್ತು ಬೆಳಿಗ್ಗೆ ಫ್ಯಾನ್ ಓಡ್ತಿತ್ತಾ?"

"ಈಗ್ಲೂ ಓಡ್ತಿದೆ ಸಾರ್. ಹಸಿರು ದೀಪ ನೋಡಿ, ಸದ್ದು ಕೇಳಿ."

ಸದ್ದೇನೋ ಇತ್ತು. ಇನ್‌ಸ್ಪೆಕ್ಟರ್ ಜೇಬಿನಿಂದ ಒಂದು ಕಾಗದ ತೆಗೆದು, ಫ್ಯಾನಿನ ಎಳೆತಕ್ಕೆ ಹೊರಗಿನ ಗಾಳಿ ತೊಟ್ಟಿಯೊಳಗೆ ನುಗ್ಗುವ ಪುಟ್ಟ ಕಿಂಡಿಗೆ ಹಿಡಿದರು. ಕಾಗದ ಅಂಟಿಕೊಳ್ಳಬೇಕಿತ್ತು. ಅಲುಗಲೂ ಇಲ್ಲ. ಎಂಜಿನಿಯರ ಮುಖ ಬಿಳಿಚಿಕೊಂಡಿತು. ಮೋಟಾರು ನಿಲ್ಲಿಸಿ, ಪಂಚರ ಮುಂದೆ ಅದರ ಕವಚ ಬಿಚ್ಚಿಸಿದರು. ಮೋಟಾರಿನಿಂದ ಫ್ಯಾನಿಗೆ ಹೋಗುವ ಬೆಲ್ಟೇ ಇರಲಿಲ್ಲ. ಇಷ್ಟು ದಿನ ಮೋಟಾರು ಮಾತ್ರ ಸುಮ್ಮನೆ ತಿರುಗುತ್ತ, ಸದ್ದು ಮಾಡುತ್ತ, ಕಡಿಮೆ ವಿದ್ಯುತ್ತಿನಲ್ಲಿ ಎಲ್ಲರನ್ನೂ ನಂಬಿಸಿತ್ತು.

ಪಂಚನಾಮೆ ಮುಗಿಸಿ ಕೆಲಸಗಾರರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಎಲ್ಲರ ಬಾಯಲ್ಲೂ ಮೇಸ್ತ್ರಿಯದೇ ಹೊಗಳಿಕೆ. ಬಿದ್ದವನನ್ನು ಎತ್ತಲು ಇಬ್ಬರು ಹಾಗೇ ನುಗ್ಗಿದ್ದರಂತೆ. ಮೇಸ್ತ್ರಿ ಅವರ ಅಂಗಿ ಹಿಡಿದು ಹಿಂದಕ್ಕೆ ದಬ್ಬಿ, ಉಗ್ರಾಣಕ್ಕೆ ಓಡಿ, ಧೂಳು ಹಿಡಿದಿದ್ದ ಉಸಿರಾಟದ ಮುಖವಾಡ ತಂದು ಹಾಕಿಕೊಂಡು ತಾನೇ ಎಳೆದು ತಂದನಂತೆ. ದೇವರು ಬಂದ ಹಾಗೆ ಬಂದ ಎಂದರು. ಫ್ಯಾನಿನ ಸದ್ದಿದ್ದರೆ ಮುಖವಾಡ ಬೇಡ ಎನ್ನುವುದು ಅಲ್ಲಿನ ರೂಢಿ, ಅದನ್ನು ಎಲ್ಲರಿಗೂ ಕಲಿಸಿದವನೂ ಅವನೇ.

ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆ ತಲುಪಿದಾಗ ಮೇಸ್ತ್ರಿ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿದ್ದ. ಪಕ್ಕದ ಬೆಂಚಿನಲ್ಲಿ ತಂಗಿ, ಅವಳ ಮಡಿಲಲ್ಲಿ ಮಗು.

"ಫ್ಯಾನ್ ಓಡ್ತಿದೆ ಅಂತ ಎಲ್ರೂ ನಂಬಿದ್ರು. ಮುಖವಾಡ ಬೇಕು ಅಂತ ನಿನಗೊಬ್ಬನಿಗೆ ಹೇಗೆ ಗೊತ್ತಾಯ್ತು?"

ಮೇಸ್ತ್ರಿ ಗೋಡೆ ಹಿಡಿದು ಎದ್ದು ನಿಂತ.

"ಜಾಲರಿ ತೊಳೆಯೋದು ಶುಕ್ರವಾರ ಸಾರ್. ಹಿಂದಿನ ಸಂಜೆ ಬೆಲ್ಟ್ ಹಾಕ್ತಿದ್ದೆ, ತೊಳೆದಾದ್ಮೇಲೆ ತೆಗೀತಿದ್ದೆ. ಇವತ್ತು ಸಂಜೆನೂ ಹಾಕ್ತಿದ್ದೆ."

"ಯಾಕೆ?"

ತಂಗಿಯ ಮನೆ ಘಟಕದ ಗೋಡೆಗೆ ಆತುಕೊಂಡೇ ಇತ್ತು. ತೊಟ್ಟಿ ತೆರೆದಿದ್ದ ದಿನಗಳಲ್ಲಿ ಮಗುವಿಗೆ ಉಬ್ಬಸ. ಉಸಿರು ಸಿಕ್ಕದೆ ತುಟಿ ನೀಲಿಗಟ್ಟಿದ್ದನ್ನು ಅವನು ಎರಡು ಸಲ ಕಂಡಿದ್ದ. ಮುಚ್ಚಳ ಬಂದ ಮೇಲೆ ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಮುಚ್ಚಳ ಉಳಿಯಬೇಕಾದರೆ ವಿದ್ಯುತ್ ಇಳಿಯಬೇಕು. ಅವನಿಗೆ ತೋಚಿದ ದಾರಿ ಅದೊಂದೇ.

"ಮುಚ್ಚಳ ತೆಗೆದುಬಿಡ್ತಾರೇನೋ ಅಂತ ಹೆದರಿಬಿಟ್ಟೆ ಸಾರ್," ಎಂದ.

ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಬೆಂಚಿನ ಆ ತುದಿಗೆ ಸರಿದಳು. ಅವನನ್ನು ಬಂಧಿಸಿ, ಬೆಲ್ಟನ್ನು ಅವನ ಸಾಮಾನು ಪೆಟ್ಟಿಗೆಯಿಂದ ವಶಪಡಿಸಿಕೊಂಡರು.

ಸಂಜೆ ಗಂಡನಿಗೆ ಎಚ್ಚರವಾಯಿತು. ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಮತ್ತೆ ಬಂದರು. ಒಂದು ದಿನ ಮೊದಲೇ ಮುಚ್ಚಳ ಯಾಕೆ ತೆಗೆದೆ ಎಂದು ಕೇಳಿದಾಗ, ನಾಳೆ ಮಗುವನ್ನು ಉಬ್ಬಸದ ಡಾಕ್ಟರಿಗೆ ತೋರಿಸಬೇಕಿತ್ತು, ಅದಕ್ಕೇ ಕೆಲಸ ಇವತ್ತೇ ಮುಗಿಸೋಣವೆಂದು ಹೊರಟೆ ಎಂದ. ಆಮೇಲೆ ಕಷ್ಟಪಟ್ಟು ಹೆಂಡತಿಯ ಕಡೆ ತಿರುಗಿದ.

"ನಾಳೆ ನನ್ ಕೈಲಿ ಆಗಲ್ಲ. ನಿಮ್ಮಣ್ಣಂಗೆ ಹೇಳು, ಮಗೂನ ಅವರೇ ಕರ್ಕೊಂಡು ಹೋಗ್ಲಿ."

ಅವಳು ಇನ್‌ಸ್ಪೆಕ್ಟರ ಮುಖ ನೋಡಿದಳು. ಅವರು ಪೆನ್ನಿನ ಮುಚ್ಚಳ ಹಾಕಿ ಹೊರಗೆ ಬಂದರು.